ರೈಟಿಂಗ್‌ನಲ್ಲಿ 6: ಗದಗಿನಿಂದ ಐಲ್ಟ್ಸ್ ಬರೆದ ಐದು ತಿಂಗಳು

ಹೊರದೇಶಕ್ಕೆ ಓದಲು, ದುಡಿಯಲು ಹೋಗುವವರ ಇಂಗ್ಲಿಷನ್ನು ಅಳೆಯುವ ಐಇಎಲ್‌ಟಿಎಸ್ ಪರೀಕ್ಷೆ, ನಮ್ಮ ಬಾಯಲ್ಲಿ ಐಲ್ಟ್ಸ್, ಬರೆಯಬೇಕೆಂದು ಮನಸ್ಸು ಮಾಡಿದವರು ಮೊದಲು ಗ್ರಾಮರ್ ಪುಸ್ತಕ ತೆರೆಯುತ್ತಾರೆ. ಅದಕ್ಕೂ ಮೊದಲು ಟ್ರಂಕು ತೆರೆಯಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಇದ್ದರೆ ಪಾಸ್‌ಪೋರ್ಟ್, ಮೂರನ್ನೂ ಸಾಲಾಗಿಟ್ಟು ಹೆಸರಿನ ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು ಓದಿ. ಭಾರತದಲ್ಲಿ ಈ ಪರೀಕ್ಷೆಗೆ ಪಾಸ್‌ಪೋರ್ಟ್ ಒಂದೇ ಗುರುತಿನ ದಾಖಲೆ. ಆಧಾರ್, ಪ್ಯಾನ್ ಯಾವುದೂ ನಡೆಯದು. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವನು. ಇಂಗ್ಲಿಷ್ ಬೋಧನೆಯಲ್ಲೇ ಒಂದು ವರ್ಷದ ಎಂಎ ಮಾಡಲು ಹೊರದೇಶದ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವುದಿತ್ತು. ಒಟ್ಟು ಐದು ತಿಂಗಳು ಹಿಡಿಯಿತು. ಅದರಲ್ಲಿ ಹತ್ತಿರಹತ್ತಿರ ಎರಡು ತಿಂಗಳು ಇಂಗ್ಲಿಷಿಗೆ ಏನೇನೂ ಸಂಬಂಧವಿಲ್ಲದ ಕೆಲಸಕ್ಕೇ ಹೋಯಿತು.

ನಮ್ಮ ಕಡೆಯ ಹೆಸರಿಗೆ ಮೂರು ಅಂಕಣ: ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು. ಅಡ್ಡಹೆಸರು ಹಿರೇಮಠ, ಬಡಿಗೇರ, ಅಂಗಡಿ, ಮೆಣಸಿನಕಾಯಿ, ಏನೂ ಇರಬಹುದು. ಶಾಲೆಯ ದಾಖಲೆಯಲ್ಲಿ ಅಡ್ಡಹೆಸರು ಮುಂದೆ ಬಂದಿರುತ್ತದೆ, ಆಧಾರ್‌ನಲ್ಲಿ ಹಿಂದೆ. ಒಂದರಲ್ಲಿ ತಂದೆಯ ಹೆಸರು ಪೂರ್ತಿ, ಇನ್ನೊಂದರಲ್ಲಿ ಬರೀ ಇನಿಷಿಯಲ್. ಮೇಲಾಗಿ ಕನ್ನಡದ ಹೆಸರನ್ನು ಇಂಗ್ಲಿಷ್ ಅಕ್ಷರಕ್ಕೆ ಇಳಿಸುವಾಗ ‘ಹಿರೇಮಠ’ದ ಕೊನೆಯಲ್ಲಿ ಒಬ್ಬ ಗುಮಾಸ್ತ ‘ಎ’ ಸೇರಿಸುತ್ತಾನೆ, ಮತ್ತೊಬ್ಬ ಬಿಡುತ್ತಾನೆ. ನನ್ನದೂ ಹೀಗೇ ಒಂದಕ್ಷರದ ವ್ಯತ್ಯಾಸ. ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದ ಮೊದಲ ಕೌಂಟರಿನಲ್ಲೇ ಅದು ಸಿಕ್ಕಿಬಿತ್ತು. “ಸರ, ಎರಡರಾಗ ಯಾವ್ದು ಖರೇ?” ಎಂದು ಕೇಳಿದ ಹುಡುಗಿಗೆ ಎರಡೂ ಖರೇ ಎಂದು ಹೇಳುವಂತಿರಲಿಲ್ಲ. ಆಧಾರ್ ತಿದ್ದಿಸಿಕೊಂಡು ಬರಲು ಮೂರು ವಾರವಾಯಿತು.

ಆದ್ದರಿಂದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಮೂಲವಾಗಿಟ್ಟುಕೊಂಡು ಉಳಿದದ್ದನ್ನು ಅದಕ್ಕೆ ಸರಿಹೊಂದಿಸಿ. ಅದನ್ನು ತಿದ್ದಿಸುವುದು ಎಲ್ಲಕ್ಕಿಂತ ಕಷ್ಟ. ಹುಟ್ಟಿದ ದಿನಾಂಕಕ್ಕೂ ಅದೇ ಆಧಾರ, ಹತ್ತನೇ ತರಗತಿ ಪಾಸಾದ ಪುರಾವೆಗೂ ಅದೇ. ಪಾಸ್‌ಪೋರ್ಟ್ ಅರ್ಜಿಯಲ್ಲಿ ‘ಸರ್‌ನೇಮ್’ ಜಾಗವನ್ನು ಖಾಲಿ ಬಿಡಬೇಡಿ. ಬಿಟ್ಟರೆ ಪಾಸ್‌ಪೋರ್ಟ್ ಬರುತ್ತದೆ, ಆದರೆ ಮುಂದೆ ಪರೀಕ್ಷೆಯ ಬುಕಿಂಗ್, ವಿಶ್ವವಿದ್ಯಾಲಯದ ಫಾರ್ಮು, ವೀಸಾ, ಪ್ರತಿಯೊಂದರಲ್ಲೂ ಆ ಖಾಲಿ ಜಾಗಕ್ಕೆ ಉತ್ತರ ಕೊಡುತ್ತ ಹೋಗಬೇಕು. ದೊಡ್ಡವರಿಗೆ 36 ಪುಟದ ಪುಸ್ತಕಕ್ಕೆ ಶುಲ್ಕ 1,500 ರೂಪಾಯಿ, ತತ್ಕಾಲ್ ಬೇಕಾದರೆ ಮೇಲೆ 2,000. ಪೊಲೀಸ್ ಪರಿಶೀಲನೆಗೆ ಯಾವ ದಿನ ಫೋನು ಬರುತ್ತದೆಂದು ಹೇಳಲಾಗದು. ಬಾಡಿಗೆ ಮನೆಯಲ್ಲಿದ್ದರೆ ಕರಾರುಪತ್ರದ ಪ್ರತಿಯನ್ನು ಮೊದಲೇ ತೆಗೆದಿಡಿ. ನನಗೆ ಫೋನು ಹನ್ನೆರಡನೇ ದಿನ ಬಂತು, ಅದೂ ಏಳನೇ ಪೀರಿಯಡ್‌ನ ನಡುವೆ.

ಈ ಕಾಯುವ ದಿನಗಳಲ್ಲಿ ಮಾಡಬೇಕಾದ ಕೆಲಸವೆಂದರೆ ಯಾವ ಪರೀಕ್ಷೆ ಎಂದು ನಿರ್ಧರಿಸುವುದು. ಹುಬ್ಬಳ್ಳಿಯಲ್ಲಿ ‘ಇಂಗ್ಲಿಷ್ ಪರೀಕ್ಷೆ’ ಎಂದರೆ ಐಲ್ಟ್ಸ್ ಎಂದೇ ರೂಢಿ. ಹಾಗೇನೂ ಇಲ್ಲ. ಟೋಫೆಲ್ 1964ರಿಂದಲೂ ಇದೆ. ಪಿಯರ್ಸನ್ ಕಂಪನಿಯ ಪಿಟಿಇಯಲ್ಲಿ 10ರಿಂದ 90ರವರೆಗೆ ಅಂಕ, ಮಾತಾಡುವುದೂ ಮನುಷ್ಯರೊಂದಿಗಲ್ಲ, ಮೈಕಿನೊಂದಿಗೆ. ನರ್ಸಿಂಗ್ ಮುಗಿಸಿ ಬ್ರಿಟನ್ನಿಗೆ ಹೊರಟವರಿಗೆ ಓಇಟಿ ಎಂಬ ವೈದ್ಯಕೀಯ ಕ್ಷೇತ್ರದ್ದೇ ಪರೀಕ್ಷೆ ಇದೆ. ಅಲ್ಲಿ ಬರೆಯಬೇಕಾದ್ದು ಜಾಗತಿಕ ತಾಪಮಾನದ ಪ್ರಬಂಧವಲ್ಲ, ರೋಗಿಯನ್ನು ಮುಂದಿನ ಆಸ್ಪತ್ರೆಗೆ ಕಳಿಸುವ ಪತ್ರ. ವಾರ್ಡಿನಲ್ಲಿ ಕೆಲಸ ಮಾಡಿದವರಿಗೆ ಅದು ಕೈಗೆ ಪರಿಚಿತ. ಬ್ರಿಟನ್ನಿನ ನರ್ಸಿಂಗ್ ಮಂಡಳಿ ಐಲ್ಟ್ಸ್ ಆದರೆ ಓದು, ಕೇಳು, ಮಾತು ಮೂರರಲ್ಲಿ 9ಕ್ಕೆ 7, ಬರವಣಿಗೆಯಲ್ಲಿ 6.5 ಕೇಳುತ್ತದೆ. ಓಇಟಿ ಆದರೆ ಮೂರರಲ್ಲಿ ಬಿ, ಬರವಣಿಗೆಯಲ್ಲಿ ಸಿ ಪ್ಲಸ್. ಕೆಲವು ವಿಶ್ವವಿದ್ಯಾಲಯಗಳು ಡಿಗ್ರಿ ಇಂಗ್ಲಿಷ್ ಮಾಧ್ಯಮದಲ್ಲೇ ಆಗಿದೆ ಎಂಬ ಪತ್ರ ಇದ್ದರೆ ಪರೀಕ್ಷೆಯನ್ನೇ ಕೇಳುವುದಿಲ್ಲ. ಹದಿನೆಂಟು ಸಾವಿರ ಖರ್ಚು ಮಾಡುವ ಮುನ್ನ ಒಂದು ಇಮೇಲ್ ಹಾಕಿ ಕೇಳಿದರೆ ಕಳೆದುಕೊಳ್ಳುವುದೇನೂ ಇಲ್ಲ. ನಾನು ಕೇಳಿದೆ, ಉತ್ತರ ‘ಇಲ್ಲ, ಪರೀಕ್ಷೆ ಬೇಕು’ ಎಂದು ಬಂತು: ಒಟ್ಟು 7, ಯಾವ ವಿಭಾಗದಲ್ಲೂ 6.5ಕ್ಕಿಂತ ಕಡಿಮೆ ಇರಕೂಡದು. ಈ ಎರಡನೇ ಷರತ್ತನ್ನು ದಪ್ಪಗೆ ಬರೆದು ಗೋಡೆಗೆ ಅಂಟಿಸಿಕೊಳ್ಳಬೇಕು. ಮುಂದೆ ನನ್ನ ಕಾಲಿಗೆ ತೊಡರಿದ್ದು ಅದೇ.

ಐಲ್ಟ್ಸ್‌ನಲ್ಲಿ ಎರಡು ಬಗೆ. ಓದಲು ಹೋಗುವವರಿಗೆ ಅಕಾಡೆಮಿಕ್, ವಲಸೆ ಮತ್ತು ಕೆಲಸಕ್ಕೆ ಬಹುಮಟ್ಟಿಗೆ ಜನರಲ್ ಟ್ರೇನಿಂಗ್. ತಪ್ಪು ಬಗೆಯನ್ನು ಬುಕ್ ಮಾಡಿದರೆ ಅಂಕ ಎಷ್ಟೇ ಬಂದರೂ ಪ್ರಯೋಜನಕ್ಕೆ ಬಾರದು. ಪರೀಕ್ಷೆಯ ಒಡೆತನ ಬ್ರಿಟಿಷ್ ಕೌನ್ಸಿಲ್, ಆಸ್ಟ್ರೇಲಿಯಾದ ಐಡಿಪಿ ಕಂಪನಿ, ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗ ಮೂವರದ್ದು. ಆದರೆ 2021ರಲ್ಲಿ ಬ್ರಿಟಿಷ್ ಕೌನ್ಸಿಲ್ ತನ್ನ ಭಾರತದ ಐಲ್ಟ್ಸ್ ವ್ಯವಹಾರವನ್ನು 13 ಕೋಟಿ ಪೌಂಡಿಗೆ ಐಡಿಪಿಗೆ ಮಾರಿತು. ಅಂದಿನಿಂದ ಇಲ್ಲಿ ಬುಕಿಂಗ್ ಎಂದರೆ ಐಡಿಪಿ. ಒಂದು ದೇಶದ ಪರೀಕ್ಷಾರ್ಥಿಗಳ ಬೆಲೆ ಇಷ್ಟು ಎಂದು ನಿಗದಿಯಾಗಿ ಕೈಬದಲಾಗುವುದನ್ನು ನೋಡಿದ ಮೇಲೆ ಶುಲ್ಕ ಯಾಕೆ ವರ್ಷವರ್ಷ ಏರುತ್ತದೆ ಎಂದು ಕೇಳುವ ಉತ್ಸಾಹ ಉಳಿಯುವುದಿಲ್ಲ.

ಕೋಚಿಂಗ್ ಬೇಕೇ? ಹುಬ್ಬಳ್ಳಿಯ ಒಂದು ಕ್ಲಾಸಿಗೆ ಆರು ವಾರಕ್ಕೆ ಹನ್ನೆರಡು ಸಾವಿರ ಕಟ್ಟಿ ಎರಡು ವಾರ ಹೋಗಿ ಬಿಟ್ಟೆ. ಅಲ್ಲಿ ಕೊಟ್ಟದ್ದು ಒಂದು ಝೆರಾಕ್ಸ್ ಕಟ್ಟು: ಯಾವ ವಿಷಯ ಬಂದರೂ ಹಚ್ಚಬಹುದಾದ ಪೀಠಿಕೆ, ಯಾವ ವಿಷಯ ಬಂದರೂ ಹಚ್ಚಬಹುದಾದ ಮುಕ್ತಾಯ. ‘ಇನ್ ದಿಸ್ ಮಾಡರ್ನ್ ಎರಾ ಆಫ್ ಗ್ಲೋಬಲೈಸೇಶನ್’ ಎಂದು ಶುರುವಾಗುವ ವಾಕ್ಯವನ್ನು ಮೂವತ್ತು ಜನ ಒಟ್ಟಿಗೆ ಬಾಯಿಪಾಠ ಮಾಡುತ್ತಿದ್ದರು. ಈ ವಾಕ್ಯವನ್ನು ಪರೀಕ್ಷಕರು ದಿನಕ್ಕೆ ಹತ್ತಾರು ಸಲ ಓದುತ್ತಾರೆ. ಬಾಯಿಪಾಠದ ವಾಕ್ಯ ಎಂದು ಗುರುತಿಸುವುದನ್ನು ಅವರಿಗೆ ಕಲಿಸಿಯೇ ಕೂರಿಸಿರುತ್ತಾರೆ. ನನ್ನ ಅಭಿಪ್ರಾಯ ನೇರ: ಮೊದಲು ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಒಂದು ಪೂರ್ತಿ ಹಳೆಯ ಪತ್ರಿಕೆ ಬಿಡಿಸಿ. ಕೇಂಬ್ರಿಡ್ಜ್ ಪ್ರಕಟಿಸಿದ ಪತ್ರಿಕೆಗಳೇ ಇರಲಿ, ಅಂತರ್ಜಾಲದ ನಕಲಿಗಳು ಬೇಡ. ಅಂಕ ಎಲ್ಲಿ ಹೋಗುತ್ತಿದೆ ಎಂದು ಕಂಡ ಮೇಲೆ ಆ ಒಂದಕ್ಕೆ ಮಾತ್ರ ಯಾರ ಬಳಿಯಾದರೂ ಕಲಿಯಿರಿ.

ಅಂಕದ ಲೆಕ್ಕ ಹೀಗೆ. ಲಿಸನಿಂಗ್‌ನಲ್ಲಿ 40 ಪ್ರಶ್ನೆ, ರೀಡಿಂಗ್‌ನಲ್ಲಿ 40. ಸುಮಾರು 23 ಸರಿಯಾದರೆ ದರ್ಜೆ, ಅಂದರೆ ಬ್ಯಾಂಡ್, 6; 30 ಆದರೆ 7, 35 ಆದರೆ 8. ಇದು ಲಿಸನಿಂಗ್‌ಗೂ ಅಕಾಡೆಮಿಕ್ ರೀಡಿಂಗ್‌ಗೂ ಹೆಚ್ಚುಕಡಿಮೆ ಒಂದೇ. ಜನರಲ್ ಟ್ರೇನಿಂಗ್‌ನ ರೀಡಿಂಗ್ ಸುಲಭವಿರುವುದರಿಂದ ಅಲ್ಲಿ 7ಕ್ಕೆ 34 ಬೇಕು. ತಪ್ಪಿಗೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಯಾವ ಜಾಗವನ್ನೂ ಖಾಲಿ ಬಿಡಬಾರದು. ನಾಲ್ಕು ವಿಭಾಗದ ಸರಾಸರಿಯೇ ಒಟ್ಟು ಬ್ಯಾಂಡ್. ಸರಾಸರಿ .25ಕ್ಕೆ ಬಂದರೆ ಮೇಲಿನ ಅರ್ಧಕ್ಕೆ, .75ಕ್ಕೆ ಬಂದರೆ ಮೇಲಿನ ಪೂರ್ಣಕ್ಕೆ ಏರುತ್ತದೆ.

ಲಿಸನಿಂಗ್‌ನಲ್ಲಿ ನಮ್ಮವರು ಸೋಲುವುದು ಉಚ್ಚಾರ ಅರ್ಥವಾಗದೆ ಎಂದು ಎಲ್ಲರೂ ಹೇಳುತ್ತಾರೆ. ಅಭ್ಯಾಸದ ಉತ್ತರಪತ್ರಿಕೆ ತಿದ್ದಿ ನೋಡಿದರೆ ಕಾರಣ ಬೇರೆಯೇ ಇದೆ. ಒಂದು, ಕೊನೆಯ ‘ಸ್’. ‘ಕೀ’ ಅಲ್ಲ ‘ಕೀಸ್’ ಎಂದು ಹೇಳಿರುತ್ತಾರೆ. ನಮ್ಮ ಕಿವಿ ಅದನ್ನು ನುಂಗುತ್ತದೆ, ಒಂದು ಅಂಕ ಹೋಯಿತು. ಎರಡು, ಕಾಗುಣಿತ. ಬ್ರಿಟಿಷ್ ರೂಪವೂ ಸರಿ, ಅಮೆರಿಕನ್ ರೂಪವೂ ಸರಿ, ತಪ್ಪು ರೂಪ ಮಾತ್ರ ತಪ್ಪು. ಮೂರು, ಪದಮಿತಿ. ಎರಡು ಪದಕ್ಕಿಂತ ಹೆಚ್ಚು ಬೇಡ ಎಂದಿದ್ದರೆ ‘ದ ರೆಡ್ ಬಸ್’ ಮೂರು ಪದ, ಉತ್ತರ ಗೊತ್ತಿದ್ದರೂ ಸೊನ್ನೆ. ಇನ್ನು ಸಂಖ್ಯೆಗಳು. ಥರ್ಟೀನ್ ಮತ್ತು ಥರ್ಟಿಯ ನಡುವಿನ ವ್ಯತ್ಯಾಸ ಕೊನೆಯ ‘ನ್’ನಲ್ಲಷ್ಟೇ ಇಲ್ಲ, ಒತ್ತು ಎಲ್ಲಿ ಬೀಳುತ್ತದೆ ಎಂಬುದರಲ್ಲೂ ಇದೆ. ಕನ್ನಡದಲ್ಲಿ ಒತ್ತು ಅರ್ಥ ಬದಲಿಸುವುದಿಲ್ಲ, ಆದ್ದರಿಂದ ನಮ್ಮ ಕಿವಿ ಅದನ್ನು ಹುಡುಕುವುದೇ ಇಲ್ಲ. ಫೋನ್ ನಂಬರಿನಲ್ಲಿ ಸೊನ್ನೆಗೆ ‘ಓ’ ಎನ್ನುತ್ತಾರೆ. ದಿನಕ್ಕೆ ಹತ್ತು ನಿಮಿಷ ಬರೀ ಹೆಸರು, ವಿಳಾಸ, ನಂಬರು ಕೇಳಿ ಬರೆದುಕೊಳ್ಳುವ ಅಭ್ಯಾಸ ಮೂರು ವಾರ ಮಾಡಿದರೆ ಮೊದಲ ಭಾಗದ ಹತ್ತೂ ಅಂಕ ಕೈಗೆ ಬರುತ್ತವೆ.

ರೀಡಿಂಗ್‌ನಲ್ಲಿ 60 ನಿಮಿಷ, ಮೂರು ಲೇಖನ. ಇಲ್ಲಿ ಬುದ್ಧಿವಂತರೇ ಎಡವುವ ಪ್ರಶ್ನೆ ಎಂದರೆ ‘ಟ್ರೂ, ಫಾಲ್ಸ್, ನಾಟ್ ಗಿವನ್’. ಒಂದು ಉದಾಹರಣೆ ಕಟ್ಟಿ ತೋರಿಸುತ್ತೇನೆ. ಲೇಖನದಲ್ಲಿ ಹೀಗಿದೆ ಎನ್ನಿ: ‘ಬ್ಯಾಡಗಿ ಮೆಣಸಿನಕಾಯಿ ಕಡುಕೆಂಪು ಬಣ್ಣಕ್ಕೆ ಹೆಸರಾಗಿದೆ, ಖಾರ ಕಡಿಮೆ, ಅದರಿಂದ ತೆಗೆದ ಬಣ್ಣದೆಣ್ಣೆ ಲಿಪ್‌ಸ್ಟಿಕ್ ತಯಾರಿಕೆಗೂ ಹೋಗುತ್ತದೆ.’ ಹೇಳಿಕೆ: ‘ಬ್ಯಾಡಗಿ ಮೆಣಸಿನಕಾಯಿ ಗುಂಟೂರಿನದಕ್ಕಿಂತ ಕಡಿಮೆ ಖಾರ.’ ಹಾವೇರಿ ಜಿಲ್ಲೆಯ ಯಾರನ್ನು ಕೇಳಿದರೂ ಕಣ್ಣುಮುಚ್ಚಿ ‘ಟ್ರೂ’ ಎನ್ನುತ್ತಾರೆ. ಉತ್ತರ ‘ನಾಟ್ ಗಿವನ್’, ಯಾಕೆಂದರೆ ಲೇಖನದಲ್ಲಿ ಗುಂಟೂರಿನ ಸುದ್ದಿಯೇ ಇಲ್ಲ. ‘ಬ್ಯಾಡಗಿ ಮೆಣಸಿನಕಾಯಿಯನ್ನು ಅಡುಗೆಗೆ ಮಾತ್ರ ಬಳಸುತ್ತಾರೆ’ ಎಂದಿದ್ದರೆ ‘ಫಾಲ್ಸ್’, ಲಿಪ್‌ಸ್ಟಿಕ್ ಅದನ್ನು ಸುಳ್ಳಾಗಿಸುತ್ತದೆ. ನಮಗೆ ಗೊತ್ತಿರುವುದನ್ನು ಒಂದು ಗಂಟೆ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಹೇಳಿಕೆಯನ್ನು ಸುಳ್ಳು ಮಾಡುವ ಸಾಲಿನ ಮೇಲೆ ಬೆರಳಿಡಲು ಆಗದಿದ್ದರೆ ‘ಫಾಲ್ಸ್’ ಬರೆಯಬೇಡಿ.

ಸ್ಪೀಕಿಂಗ್ 11ರಿಂದ 14 ನಿಮಿಷ, ಮೂರು ಭಾಗ. ಮೊದಲ ಭಾಗ ಊರು, ಕೆಲಸ, ಹವ್ಯಾಸ. ಎರಡನೆಯದರಲ್ಲಿ ಒಂದು ಚೀಟಿ, ಒಂದು ನಿಮಿಷ ಯೋಚನೆ, ಎರಡು ನಿಮಿಷದವರೆಗೆ ಮಾತು. ಮೂರನೆಯದು ಅದೇ ವಿಷಯದ ಮೇಲೆ ಚರ್ಚೆ. ನಮ್ಮ ಉಚ್ಚಾರವನ್ನು ಬಿಬಿಸಿ ಮಾಡಿಕೊಳ್ಳುವ ಅಗತ್ಯವಿಲ್ಲ. ಕಾಶ್ಮೀರದಲ್ಲಿ ಹುಟ್ಟಿದ ಭಾಷಾವಿಜ್ಞಾನಿ ಬ್ರಜ್ ಕಚ್ರು 1980ರ ದಶಕದಲ್ಲೇ ಇಂಗ್ಲಿಷನ್ನು ಮೂರು ವೃತ್ತಗಳಾಗಿ ಬಿಡಿಸಿ, ಭಾರತದಂಥ ದೇಶಗಳ ಇಂಗ್ಲಿಷಿಗೂ ತನ್ನದೇ ನಿಯಮವಿದೆ ಎಂದು ವಾದಿಸಿದ್ದರು. ಪರೀಕ್ಷೆಯ ಅಳತೆಗೋಲು ಕೂಡ ಕೇಳುವುದು ಸಲೀಸಾಗಿ ಅರ್ಥವಾಗುತ್ತದೆಯೇ ಎಂದಷ್ಟೇ. ಆದರೆ ಅರ್ಥಕ್ಕೆ ಅಡ್ಡ ಬರುವ ಕೆಲವನ್ನು ತಿದ್ದಿಕೊಳ್ಳಬೇಕು. ಪದದ ಮೊದಲ ‘ಎ’ಗೆ ನಾವು ‘ಯ’ ಅಂಟಿಸುತ್ತೇವೆ, ‘ಓ’ಗೆ ‘ವ’: ಎಗ್ ಹೋಗಿ ಯೆಗ್, ಓನ್ಲಿ ಹೋಗಿ ವೋನ್ಲಿ. ಕನ್ನಡದಲ್ಲಿ ಬರೆದರೆ ಪಶ್ಚಿಮವೂ ‘ವೆಸ್ಟ್’, ಬನಿಯನ್ನೂ ‘ವೆಸ್ಟ್’. ಮೊದಲನೆಯದಕ್ಕೆ ತುಟಿ ದುಂಡಾಗಬೇಕು, ಎರಡನೆಯದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಕನ್ನಡಿಯ ಮುಂದೆ ಒಂದು ವಾರ ಸಾಕು. ಇದಕ್ಕಿಂತ ದೊಡ್ಡ ದೋಷ ಅವಸರ. ಎರಡನೇ ಭಾಗದಲ್ಲಿ ಹೆಚ್ಚಿನವರು 45 ಸೆಕೆಂಡಿಗೆ ಸರಕು ಮುಗಿಸಿ ‘ದಟ್ಸ್ ಆಲ್ ಸರ್’ ಎಂದು ಕೂರುತ್ತಾರೆ. ಯಾರು, ಎಲ್ಲಿ, ಯಾವಾಗ ಎಂಬುದನ್ನು ಬೇಗ ಮುಗಿಸಿ ‘ಯಾಕೆ’ ಎಂಬುದರ ಮೇಲೆ ಒಂದು ನಿಮಿಷ ನಿಲ್ಲಿ. ಪರೀಕ್ಷಕರು ನಡುವೆ ತಡೆದರೆ ಗಾಬರಿ ಬೇಡ, ಅವರಿಗೂ ಗಡಿಯಾರವಿದೆ.

ರೈಟಿಂಗ್‌ಗೆ ನಾನು ಸಿದ್ಧತೆ ಮಾಡಲಿಲ್ಲ. ಹದಿನಾಲ್ಕು ವರ್ಷ ಪ್ರಬಂಧ ತಿದ್ದಿದ ಕೈ ಎಂಬ ಭರವಸೆ.

ಬುಕಿಂಗ್ ಆನ್‌ಲೈನ್‌ನಲ್ಲಿ ಅರ್ಧ ಗಂಟೆಯ ಕೆಲಸ. ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟದ ಸ್ಪಷ್ಟ ಸ್ಕ್ಯಾನ್ ಇರಲಿ. ಶುಲ್ಕ 18,000ದ ಆಸುಪಾಸು, ಅಂದಿನ ದರ ಬುಕಿಂಗ್ ಪುಟದಲ್ಲೇ ಕಾಣುತ್ತದೆ. ನನಗೆ ಬೇಕಾದ ವಾರದಲ್ಲಿ ಜಾಗ ಸಿಕ್ಕಿದ್ದು ಬೆಂಗಳೂರಿನಲ್ಲಿ. ಸ್ಪೀಕಿಂಗ್ ಅದೇ ದಿನ ಇರಬಹುದು, ಒಂದು ವಾರ ಹಿಂದೆ ಅಥವಾ ಮುಂದೆಯೂ ಬೀಳಬಹುದು. ನಮ್ಮಂಥ ದೂರದವರು ಎರಡೂ ಒಂದೇ ದಿನ ಬರುವ ಸಮಯವನ್ನು ಹುಡುಕಿ ಹಿಡಿಯಬೇಕು, ಇಲ್ಲವಾದರೆ ಎರಡು ಸಲ ಪ್ರಯಾಣ. ಗದಗಿನಲ್ಲಿ ಸಂಜೆ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಬೆಂಗಳೂರು. ಹುಬ್ಬಳ್ಳಿ, ಧಾರವಾಡ, ಹಾವೇರಿಯವರಿಗೆ ರಾಣಿ ಚನ್ನಮ್ಮ ಇದೆ. ಆದರೆ ರೈಲಿನಿಂದಿಳಿದು ನೇರ ಪರೀಕ್ಷೆಗೆ ಹೋಗಬೇಡಿ. ಕಣ್ಣು ತೂಗುತ್ತಿರುವಾಗ ರೀಡಿಂಗ್‌ನ ಮೂರನೇ ಲೇಖನ ಕೈಗೆ ಸಿಗುವುದಿಲ್ಲ. ಒಂದು ದಿನ ಮೊದಲೇ ಹೋಗಿ ಕೇಂದ್ರವನ್ನು ಕಣ್ಣಾರೆ ನೋಡಿ ಬಂದೆ. ಲಾಡ್ಜಿಗೆ 1,400 ಹೋಯಿತು, ನಿದ್ದೆ ಬಂತು.

ಒಳಗೆ ಬಿಡುವುದು ಪಾಸ್‌ಪೋರ್ಟ್ ಮತ್ತು ಲೇಬಲ್ ಕಿತ್ತ ಪಾರದರ್ಶಕ ನೀರಿನ ಬಾಟಲಿ ಮಾತ್ರ. ಕೈಗಡಿಯಾರ, ಪರ್ಸು, ಫೋನು ಎಲ್ಲ ಹೊರಗೆ. ಫೋಟೊ ತೆಗೆದು ಬೆರಳಚ್ಚು ಪಡೆಯುತ್ತಾರೆ. ಕಂಪ್ಯೂಟರ್ ಪರೀಕ್ಷೆಯಲ್ಲಿ ಲಿಸನಿಂಗ್, ರೀಡಿಂಗ್, ರೈಟಿಂಗ್ ಬೆನ್ನಿಗೆ ಬೆನ್ನು, ನಡುವೆ ವಿರಾಮವಿಲ್ಲ. ಶೌಚಾಲಯಕ್ಕೆ ಹೋಗಬಹುದು, ಗಡಿಯಾರ ನಿಲ್ಲುವುದಿಲ್ಲ. ಕಾಗದದ ಪರೀಕ್ಷೆಯಲ್ಲಿ ಲಿಸನಿಂಗ್ ಉತ್ತರಗಳನ್ನು ನಕಲು ಮಾಡಲು ಹತ್ತು ನಿಮಿಷ ಕೊಡುತ್ತಿದ್ದರು. ಕಂಪ್ಯೂಟರಿನಲ್ಲಿ ಅದಿಲ್ಲ, ಪರಿಶೀಲನೆಗೆ ಎರಡೇ ನಿಮಿಷ. ಹಳೆಯ ವಿಡಿಯೊ ನೋಡಿ ಹೋದವರಿಗೆ ಇಲ್ಲಿ ಎದೆ ಧಸಕ್ ಎನ್ನುತ್ತದೆ. ರೈಟಿಂಗ್ ಪರದೆಯ ಕೆಳಗೆ ಪದಗಳ ಎಣಿಕೆ ತಾನಾಗಿ ಕಾಣುತ್ತದೆ, ಕಾಗುಣಿತದ ತಪ್ಪಿಗೆ ಕೆಂಪುಗೆರೆ ಮಾತ್ರ ಬರುವುದಿಲ್ಲ. ನಿಮಿಷಕ್ಕೆ ಇಪ್ಪತ್ತೈದು ಪದವಾದರೂ ಟೈಪ್ ಮಾಡಲು ಬಾರದವರು ಮೊದಲು ಅದನ್ನು ಕಲಿಯಬೇಕು, ಅಕ್ಕಪಕ್ಕದವರ ಕೀಲಿಮಣೆಯ ಸದ್ದಿಗೂ ಒಗ್ಗಿಕೊಳ್ಳಬೇಕು. ಮೂವತ್ತು ಕೀಲಿಮಣೆಗಳ ಮೇಲೆ ಒಟ್ಟಿಗೆ ಬೆರಳು ಓಡುವಾಗ ತಗಡಿನ ಮೇಲೆ ಮಳೆ ಬಿದ್ದ ಹಾಗಿರುತ್ತದೆ. ಪ್ರಶ್ನೆಗಳನ್ನು ಹೊರಗೆ ಹೇಳುವುದಿಲ್ಲ ಎಂದು ಒಪ್ಪಿ ಕೂತಿದ್ದೇನೆ, ಆದ್ದರಿಂದ ಅವು ಇಲ್ಲಿಲ್ಲ.

ಫಲಿತಾಂಶ ಮೂರನೇ ದಿನ ಬಂತು. ಲಿಸನಿಂಗ್ 8, ರೀಡಿಂಗ್ 7.5, ಸ್ಪೀಕಿಂಗ್ 7.5, ರೈಟಿಂಗ್ 6. ಕೂಡಿದರೆ 29, ನಾಲ್ಕರಿಂದ ಭಾಗಿಸಿದರೆ 7.25, ಏರಿಸಿ ಒಟ್ಟು 7.5. ಬೇಕಿದ್ದ ಒಟ್ಟಿಗಿಂತ ಅರ್ಧ ಜಾಸ್ತಿ, ಆದರೂ ನಪಾಸು. ಸ್ಟಾಫ್ ರೂಮಿನಲ್ಲಿ ‘ಸರ, ಎಷ್ಟು ಬಂತ್ರಿ?’ ಎಂದವರಿಗೆ ಒಟ್ಟನ್ನಷ್ಟೇ ಹೇಳಿದೆ.

ಇಲ್ಲಿಂದ ಎರಡು ದಾರಿ. ಆರು ವಾರದೊಳಗೆ ಮರುಮೌಲ್ಯಮಾಪನ ಕೇಳಬಹುದು, ಬ್ಯಾಂಡ್ ಏರಿದರೆ ಕಟ್ಟಿದ ಶುಲ್ಕ ವಾಪಸ್. ಅಥವಾ 60 ದಿನದೊಳಗೆ ‘ಒನ್ ಸ್ಕಿಲ್ ರೀಟೇಕ್’, ಅಂದರೆ ನಾಲ್ಕರಲ್ಲಿ ಒಂದನ್ನು ಮಾತ್ರ ಕಂಪ್ಯೂಟರಿನಲ್ಲಿ ಮತ್ತೆ ಬರೆಯುವುದು. ಇದಕ್ಕೆ ಪೂರ್ತಿ ಪರೀಕ್ಷೆಗಿಂತ ಕಡಿಮೆ ಶುಲ್ಕ. ಆದರೆ ಎಲ್ಲ ವಿಶ್ವವಿದ್ಯಾಲಯಗಳೂ ಇದನ್ನು ಒಪ್ಪುವುದಿಲ್ಲ, ವೀಸಾ ನಿಯಮವೂ ದೇಶಕ್ಕೊಂದು ತರ. ಹಣ ಕಟ್ಟುವ ಮುನ್ನ ಲಿಖಿತ ಉತ್ತರ ತರಿಸಿಕೊಳ್ಳಿ. ನನ್ನ ವಿಶ್ವವಿದ್ಯಾಲಯದ ಒಪ್ಪಿಗೆ ನಾಲ್ಕು ದಿನಕ್ಕೆ ಬಂತು. ಮರುಮೌಲ್ಯಮಾಪನ ಬಿಟ್ಟು ಮರುಪರೀಕ್ಷೆ ಆರಿಸಿಕೊಂಡೆ, ಏಕೆಂದರೆ ಬರೆದದ್ದನ್ನು ನೆನಪಿನಿಂದ ಮತ್ತೆ ಬರೆದು, ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುವ ಬ್ಯಾಂಡ್ ವಿವರಣೆಯ ಪಕ್ಕ ಇಟ್ಟು ನೋಡಿದಾಗ 6 ನ್ಯಾಯವಾಗಿಯೇ ಕಂಡಿತು.

ಏನು ತಪ್ಪಾಗಿತ್ತು ಎಂದು ಬಿಡಿಸಿ ಹೇಳಬೇಕು, ಏಕೆಂದರೆ ಇದು ನಾವು ಕಲಿಸುವ ರೀತಿಯಲ್ಲೇ ಇರುವ ತಪ್ಪು. ಎಸ್ಸೆಸ್ಸೆಲ್ಸಿಯ ಇಂಗ್ಲಿಷ್ 80 ಅಂಕದ ಲಿಖಿತ ಪತ್ರಿಕೆಯಲ್ಲಿ ಕಿವಿಗೂ ಕೆಲಸವಿಲ್ಲ, ಬಾಯಿಗೂ ಇಲ್ಲ. ಪ್ರಬಂಧ ಎಂದರೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಪೀಠಿಕೆಯಲ್ಲಿ ವಿಷಯದ ಹಿರಿಮೆ, ವಿವರಣೆಯಲ್ಲಿ ಲಾಭ ಐದು ನಷ್ಟ ಐದು, ಕೊನೆಗೊಂದು ಗಾದೆ. ಯಾವ ಪಕ್ಷವನ್ನೂ ಹಿಡಿಯದೆ ಎಲ್ಲರಿಗೂ ನಮಸ್ಕಾರ ಹಾಕಿ ಬರುವುದು ನಮ್ಮಲ್ಲಿ ಸಭ್ಯತೆ. ರೈಟಿಂಗ್‌ನ ಎರಡನೇ ಪ್ರಶ್ನೆಯಾದ ಪ್ರಬಂಧ, ಅಂದರೆ ಟಾಸ್ಕ್ 2, ಇದಕ್ಕೆ ತದ್ವಿರುದ್ಧ. ‘ಎಷ್ಟರ ಮಟ್ಟಿಗೆ ಒಪ್ಪುತ್ತೀರಿ’ ಎಂದು ಕೇಳಿದರೆ ಮೊದಲ ಪ್ಯಾರಾದಲ್ಲೇ ನಿಮ್ಮ ನಿಲುವು ಬರಬೇಕು, ಕೊನೆಯವರೆಗೂ ಅದೇ ಉಳಿಯಬೇಕು. ಐದು ಕಾರಣಗಳ ಪಟ್ಟಿಗಿಂತ ಎರಡು ಕಾರಣಗಳನ್ನು ಬೆಳೆಸಿದರೆ ಅಂಕ. ಬ್ಯಾಂಡ್ 6ರಲ್ಲೂ ವಿಚಾರಗಳು ಇರುತ್ತವೆ, ಆದರೆ ಕೆಲವು ಬೆಳೆದಿರುವುದಿಲ್ಲ.

ಬೆಳೆಸುವುದು ಎಂದರೇನು? ‘ಚಿಕ್ಕ ವಯಸ್ಸಿನಲ್ಲೇ ವಿದೇಶಿ ಭಾಷೆ ಕಲಿಸಬೇಕು’ ಎಂಬುದು ವಿಷಯ ಎನ್ನಿ. ‘ಇಂಗ್ಲಿಷ್ ಇಂದು ಜಾಗತಿಕ ಭಾಷೆ, ಅದು ಅನಿವಾರ್ಯ, ಅದರಿಂದ ಉದ್ಯೋಗ ಸಿಗುತ್ತದೆ’ ಎಂದು ಬರೆದರೆ ಮೂರು ವಾಕ್ಯ, ಮೂರು ದಿಕ್ಕು, ಒಂದೂ ಬೆಳೆದಿಲ್ಲ. ಬದಲಿಗೆ ಒಂದೇ ಕಡೆ ಅಗೆಯಿರಿ: ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ. ಬೇಗ ಶುರು ಮಾಡಿದ್ದರಿಂದಲೇ ಭಾಷೆ ಬರುವುದಿಲ್ಲ, ಏಕೆಂದರೆ ಕಲಿಸುವವರು ತರಗತಿಯಲ್ಲಿ ಆ ಭಾಷೆಯನ್ನು ಆಡದಿದ್ದರೆ ಮಗು ಪದ್ಯ ಬಾಯಿಪಾಠ ಮಾಡುತ್ತದೆಯೇ ಹೊರತು ತನ್ನದೊಂದು ವಾಕ್ಯ ಕಟ್ಟುವುದಿಲ್ಲ. ಆದ್ದರಿಂದ ವಯಸ್ಸಿಗಿಂತ ಶಿಕ್ಷಕರ ತರಬೇತಿ ಮುಖ್ಯ. ಒಂದು ಮಾತು, ಅದರ ಕಾರಣ, ಒಂದು ನಿಜವಾದ ಉದಾಹರಣೆ, ಅದರಿಂದ ಬರುವ ತೀರ್ಮಾನ. ಒಂದು ಪ್ಯಾರಾ ಮುಗಿಯಿತು.

ಟಾಸ್ಕ್ 1ರಲ್ಲಿ ಗ್ರಾಫನ್ನು ವರ್ಣಿಸಬೇಕು, 150 ಪದ, 20 ನಿಮಿಷ. ನಾನು ಒಂದೊಂದು ಅಂಕಿಯನ್ನೂ ನಿಷ್ಠೆಯಿಂದ ಬರೆದೆ. ಇಡೀ ಚಿತ್ರದ ಸಾರ ಹೇಳುವ ಎರಡು ವಾಕ್ಯ ಬರೆಯಲಿಲ್ಲ. ಆ ಸ್ಥೂಲನೋಟ ಇಲ್ಲದಿದ್ದರೆ ಆ ಅಳತೆಯಲ್ಲಿ 5ಕ್ಕಿಂತ ಮೇಲೆ ಹೋಗುವುದು ಕಷ್ಟ. ಲಕ್ಷ, ಕೋಟಿಯಲ್ಲಿ ಎಣಿಸಿ ಬೆಳೆದವರಿಗೆ ಇನ್ನೊಂದು ಗುಂಡಿ: 1.2 ಮಿಲಿಯನ್ ಎಂದರೆ 12 ಲಕ್ಷ ಎಂದು ತಲೆಯಲ್ಲಿ ಕನ್ನಡಕ್ಕೆ ತಂದು, ಹೋಲಿಸಿ, ಮತ್ತೆ ಇಂಗ್ಲಿಷಿಗೆ ಒಯ್ಯುವಾಗ ಒಂದು ಸೊನ್ನೆ ಬಿದ್ದುಹೋಗುತ್ತದೆ. ಟಾಸ್ಕ್ 2ಕ್ಕೆ ಟಾಸ್ಕ್ 1ರ ಎರಡರಷ್ಟು ತೂಕ, ಆದರೂ ಮೊದಲಿನದಕ್ಕೆ 27 ನಿಮಿಷ ಸುರಿದಿದ್ದೆ. ‘ಮೋರೋವರ್’, ‘ಫರ್ದರ್‌ಮೋರ್’ಗಳನ್ನು ಪ್ರತಿ ವಾಕ್ಯಕ್ಕೂ ತೋರಣ ಕಟ್ಟಿದ್ದು ಬೇರೆ. ಅದನ್ನು ಯಾಂತ್ರಿಕ ಜೋಡಣೆ ಎಂದೇ ಎಣಿಸುತ್ತಾರೆ.

ಮರುಪರೀಕ್ಷೆಗೆ ನಾಲ್ಕು ವಾರ ಇಟ್ಟುಕೊಂಡೆ. ದಿನಕ್ಕೊಂದು ಟಾಸ್ಕ್ 2, 40 ನಿಮಿಷ: ಐದು ಯೋಚನೆಗೆ, ಮೂವತ್ತು ಬರೆಯಲು, ಐದು ತಿದ್ದಲು. 270 ಪದಕ್ಕೆ ನಿಲ್ಲಿಸುವುದು. 350 ಬರೆದರೆ ತಪ್ಪುಗಳೂ ಅಷ್ಟೇ ಹೆಚ್ಚು. ತಿದ್ದುವ ಐದು ನಿಮಿಷದಲ್ಲಿ ಮೂರನ್ನೇ ಹುಡುಕುವುದು. ಕನ್ನಡದಲ್ಲಿ ಇಲ್ಲದ ‘ಎ’, ‘ದ’ ಎಲ್ಲಿ ಬಿಟ್ಟುಹೋಗಿದೆ, ಬಹುವಚನಕ್ಕೆ ಕ್ರಿಯಾಪದ ಹೊಂದಿದೆಯೇ, ಮುಗಿದುಹೋದ ವರ್ಷಕ್ಕೆ ‘ಹ್ಯಾಸ್’ ಹಾಕಿದ್ದೇನೆಯೇ. 7ಕ್ಕೆ ಬೇಕಾದ್ದು ಅಲಂಕಾರದ ವಾಕ್ಯಗಳಲ್ಲ, ತಪ್ಪಿಲ್ಲದ ವಾಕ್ಯಗಳು ಮತ್ತೆ ಮತ್ತೆ ಬರುವುದು. ನಿಮ್ಮ ಬರಹವನ್ನು ಓದಲು ಇನ್ನೊಬ್ಬರು ಬೇಕು. ಕೋಚಿಂಗಿಗೆ ಹಣ ಕೊಡುವುದಾದರೆ ಇದಕ್ಕೆ ಮಾತ್ರ ಕೊಡಿ, ಪ್ರತಿ ಪ್ರಬಂಧಕ್ಕೆ ಇಷ್ಟು ಎಂದು. ನನ್ನದನ್ನು ಧಾರವಾಡದ ಸಹೋದ್ಯೋಗಿಯೊಬ್ಬರು ತಿದ್ದಿದರು. ಮೊದಲ ವಾರ ಅವರು ಬರೆದದ್ದು ಒಂದೇ ಪ್ರಶ್ನೆ, ಎಲ್ಲ ಪುಟದಲ್ಲೂ: “ಸರ, ಇದರಾಗ ನೀವು ಯಾವ ಕಡೆ?”

ಎರಡನೇ ಸಲ ರೈಟಿಂಗ್ 7. ಒಟ್ಟು ಮತ್ತೆ 7.5ವೇ. ಹೊಸ ಫಲಿತಾಂಶ ಪತ್ರದಲ್ಲಿ ಹಳೆಯ ಮೂರು ಅಂಕಗಳ ಜೊತೆ ಹೊಸದು ಸೇರಿ ಬರುತ್ತದೆ, ಹಳೆಯ ಪತ್ರವೂ ರದ್ದಾಗುವುದಿಲ್ಲ, ಯಾವುದನ್ನು ಬೇಕಾದರೂ ಕಳಿಸಬಹುದು. ಐದು ಸಂಸ್ಥೆಗಳವರೆಗೆ ಅಂಕವನ್ನು ಉಚಿತವಾಗಿ ಕಳಿಸುತ್ತಾರೆ. ಅಂಕದ ಆಯುಸ್ಸು ಎರಡು ವರ್ಷ, ಪರೀಕ್ಷೆಯ ದಿನದಿಂದ. ಈಗ ಉಳಿದಿರುವುದು ವಿಶ್ವವಿದ್ಯಾಲಯಕ್ಕೆ ಬೇಕಾದ ಡಿಗ್ರಿ ಟ್ರಾನ್ಸ್‌ಕ್ರಿಪ್ಟ್. ಅದರ ಅರ್ಜಿ ತುಂಬುವಾಗ ಡಿಗ್ರಿಯ ಹಳೆಯ ಅಂಕಪಟ್ಟಿ ತೆಗೆದು ನೋಡಿದೆ. ಅಡ್ಡಹೆಸರಿನ ಕೊನೆಗೆ ಒಂದು ‘ಎ’ ಇದೆ.